ಹಳ್ಳಿಯ ಸರಳ ಯಂತ್ರಗಳೂ ಶಾಲೆಯ ವಿಜ್ಞಾನ ಪಾಠವೂ

ಯಂತ್ರವೆಂಬ ಶಬ್ದವನ್ನು ಕೇಳಿದ ಕೂಡಲೆ ಎಣ್ಣೆಯಿಂದಲೋ ವಿದ್ಯುಚ್ಛಕ್ತಿಯಿಂದಲೋ ತಿರುಗುವ ಕಬ್ಬಿಣದ ಸಾಧನವೊಂದು ಮನಸ್ಸಿಗೆ ಬರುವುದು ಈಗಿನ ವಾಡಿಕೆ. ಶಾಸ್ತ್ರದಲ್ಲಿ ಈ ಶಬ್ದಕ್ಕೆ ಇಷ್ಟು ಸಂಕುಚಿತವಾದ ಅರ್ಥವಿಲ್ಲ. ಒಂದು ಸ್ಥಳದಲ್ಲಿ ಪ್ರಯೋಗಿಸಿದ ಬಲವನ್ನು ಮತ್ತೊಂದು ಸ್ಥಳದಲ್ಲಿ, ಕೆಲಸಕ್ಕೆ ಅನುಕೂಲವಾದ ಪ್ರಮಾಣದಲ್ಲಿಯೂ ದಿಕ್ಕಿನಲ್ಲಿಯೂ ಒದಗಿಸಿಕೊಡತಕ್ಕ ಸಾಧನಕ್ಕೆಲ್ಲ ಯಂತ್ರವೆಂದೇ ಹೆಸರು. ಈ ಲಕ್ಷಣದ ಪ್ರಕಾರ ಕಲ್ಲನ್ನು ಮೀಟುವ ಹಾರೆಯೂ ಯಂತ್ರವೇ. ಅಜ್ಜಿಯ ಎಲೆಯಡಕೆಯ ಚೀಲದಲ್ಲಿರುವ ಅಡಕತ್ತರಿಯೂ ಯಂತ್ರವೇ. ನೇಗಿಲು, ನೊಗ, ಗಾಡಿ, ಬೀಸುಕಲ್ಲು, ಏತ, ಕಪಿಲೆ ಇವೆಲ್ಲವೂ ಯಂತ್ರಗಳೇ. ಸನ್ನೆ, ರಾಟೆ, ಚಕ್ರ ಮತ್ತು ಅಚ್ಚು, ಇಳಿಜಾರು, ಬೆಣೆ, ತಿರುಪು ಎಂಬ ಆರು ಸರಳ ಯಂತ್ರಗಳನ್ನು ಶಾಸ್ತ್ರಜ್ಞರು ಹೇಳುತ್ತಾರೆ. ಮಿಕ್ಕ ಯಂತ್ರಗಳಲ್ಲಿ ಬಹುಪಾಲು ಇವುಗಳ ಜೋಡಣೆಯಿಂದ ಆದವು.

ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಈ ಆರರ ಪಾಠವಿರುವುದು ಗ್ರಾಮದ ಮುಖಂಡರಿಗೆ ತಿಳಿದ ವಿಷಯವೇ. ಆದರೆ ಸನ್ನೆಯಲ್ಲಿ ಮೂರು ವಿಧವೆಂದು ತಪ್ಪಿಲ್ಲದೆ ಒಪ್ಪಿಸುವ ಹುಡುಗನು, ಮನೆಯ ಅಡಕತ್ತರಿ ಅವುಗಳಲ್ಲಿ ಯಾವ ವಿಧಕ್ಕೆ ಸೇರಿದ್ದೆಂದು ಕೇಳಿದರೆ ಸುಮ್ಮನೆ ನಿಲ್ಲುವುದುಂಟು. ಅವನ ತಾತನಾದರೋ ಸನ್ನೆಯೆಂಬ ಪಾಠವನ್ನೇ ಓದದೆ, ಹಾರೆಯ ಕೆಳಗೆ ಸಣ್ಣ ಕಲ್ಲನ್ನು ಎಲ್ಲಿ ಕೊಡಬೇಕೆಂಬುದನ್ನು ಕಣ್ಣಳತೆಯಿಂದಲೇ ಬಲ್ಲವನು. ಒಬ್ಬನಲ್ಲಿ ಸೂತ್ರವಿದೆ, ಮತ್ತೊಬ್ಬನಲ್ಲಿ ಅದರ ಪ್ರಯೋಗವಿದೆ. ಇವೆರಡೂ ಒಂದೇ ಮನೆಯಲ್ಲಿದ್ದು ಪರಸ್ಪರ ಪರಿಚಯವಿಲ್ಲದೆ ಇರುವುದು ಸಣ್ಣ ನಷ್ಟವಲ್ಲ. ಹಳೆಯ ಸಾಧನಗಳು ಒಂದೊಂದಾಗಿ ಸೌದೆಯ ರಾಶಿಗೂ ಗುಜರಿಗೂ ಸೇರುತ್ತಿರುವಲ್ಲಿ, ಈ ಪರಿಚಯವನ್ನು ಮಾಡಿಸುವುದಕ್ಕೆ ಉಳಿದಿರುವ ಕಾಲವೂ ದೀರ್ಘವಾದುದಲ್ಲ.

ಎಲ್ಲ ಯಂತ್ರಗಳಿಗೂ ಒಂದೇ ನಿಯಮ

ಸನ್ನೆಯ ನಿಯಮವನ್ನು ಗಣಿತದಿಂದ ಸಾಧಿಸಿದವನು ಕ್ರಿಸ್ತಪೂರ್ವ 3ನೆಯ ಶತಮಾನದ ಗ್ರೀಕ್ ಪಂಡಿತನಾದ ಆರ್ಕಿಮಿಡೀಸ್. ಯಂತ್ರಗಳು ಕೆಲಸವನ್ನು ಹೊಸದಾಗಿ ಸೃಷ್ಟಿಸುವುದಿಲ್ಲ, ಇರುವ ಕೆಲಸವನ್ನೇ ರೂಪಾಂತರಗೊಳಿಸುತ್ತವೆ ಎಂಬ ಮಾತನ್ನು ಸ್ಪಷ್ಟಪಡಿಸಿದವನು ಇಟಲಿಯ ಗೆಲಿಲಿಯೊ. ಇದು ಸುಮಾರು 1600ರ ಸಂಗತಿ. ಈ ಎರಡನೆಯ ಮಾತೇ ಪಾಠದ ಜೀವಾಳ. ಐದು ಅಡಿ ಉದ್ದದ ಹಾರೆಯ ತುದಿಯನ್ನು ಬಂಡೆಯ ಕೆಳಗೆ ತೂರಿಸಿ, ಆ ತುದಿಯಿಂದ ಅರ್ಧ ಅಡಿ ದೂರದಲ್ಲಿ ಆಧಾರಕ್ಕೆ ಕಲ್ಲನ್ನು ಕೊಟ್ಟರೆ, ಕೈಯ ಕಡೆಗೆ ನಾಲ್ಕೂವರೆ ಅಡಿ ಉಳಿಯುತ್ತದೆ. ನಾಲ್ಕೂವರೆಯು ಅರ್ಧದ ಒಂಬತ್ತರಷ್ಟು. ಆದ್ದರಿಂದ 30 ಕಿಲೋ ಬಲದಿಂದ ಒತ್ತಿದವನು 270 ಕಿಲೋ ಭಾರವನ್ನು ಅಲುಗಿಸಬಲ್ಲನು. ಆಧಾರದ ಕಲ್ಲನ್ನು ಒಂದು ಅಡಿ ದೂರಕ್ಕೆ ಸರಿಸಿದರೆ ಅದೇ ಮನುಷ್ಯನು ಅದೇ ಹಾರೆಯಿಂದ 120 ಕಿಲೋವನ್ನು ಮಾತ್ರ ಅಲುಗಿಸುತ್ತಾನೆ. ಹಾರೆಯ ದಪ್ಪಕ್ಕಿಂತಲೂ ಆಧಾರದ ಸ್ಥಳವು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಲಾಭವು ಪುಕ್ಕಟೆಯಾಗಿ ಬಂದುದಲ್ಲ. ಮೊದಲನೆಯ ರೀತಿಯಲ್ಲಿ ಬಂಡೆ ಒಂದು ಅಂಗುಲ ಏಳಬೇಕಾದರೆ ಕೈ ಒಂಬತ್ತು ಅಂಗುಲ ಇಳಿಯಬೇಕು. ಬಲದಲ್ಲಿ ಗಳಿಸಿದುದನ್ನು ದೂರದಲ್ಲಿ ಕೊಡಬೇಕೆಂಬ ಈ ಲೆಕ್ಕಾಚಾರವನ್ನು ಯಾವ ಯಂತ್ರವೂ ತಪ್ಪಿಸಲಾರದು.

ಬಾವಿಯ ರಾಟೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಮೇಲೆ ಕಟ್ಟಿದ ಒಂಟಿ ರಾಟೆಯಿಂದ ಕೊಡದ ಭಾರವು ಕಡಮೆಯಾಗುತ್ತದೆಂದು ಅನೇಕರು ನಂಬಿರುತ್ತಾರೆ. ಅದು ಹಾಗಲ್ಲ. 15 ಕಿಲೋ ತೂಕದ ತುಂಬಿದ ಕೊಡವನ್ನು ಎತ್ತಲು 15 ಕಿಲೋ ಬಲವೂ, ಅಚ್ಚಿನ ತಿಕ್ಕಾಟಕ್ಕಾಗಿ ಅದಕ್ಕಿಂತ ಸ್ವಲ್ಪ ಹೆಚ್ಚೂ ಬೇಕು. ರಾಟೆಯು ಮಾಡುವ ಉಪಕಾರವು ದಿಕ್ಕಿನಲ್ಲಿರುತ್ತದೆ: ಬಗ್ಗಿ ಮೇಲಕ್ಕೆಳೆಯುವ ಬದಲು ನೇರವಾಗಿ ನಿಂತು, ಮೈಭಾರವನ್ನೂ ಸೇರಿಸಿ, ಕೆಳಕ್ಕೆಳೆಯುವ ಅನುಕೂಲವನ್ನು ಅದು ಕಲ್ಪಿಸುತ್ತದೆ. ಭಾರವು ಅರ್ಧವಾಗಬೇಕಾದರೆ ಹಗ್ಗದ ಒಂದು ಕೊನೆಯನ್ನು ತೊಲೆಗೆ ಕಟ್ಟಿ, ಕೊಡದೊಡನೆ ಮೇಲೇರುವ ಇನ್ನೊಂದು ರಾಟೆಯ ಅಡಿಯಿಂದ ಹಗ್ಗವನ್ನು ತರಬೇಕು. ಆಗ ಕೊಡ ಒಂದು ಅಡಿ ಏರಲು ಎರಡು ಅಡಿ ಹಗ್ಗವನ್ನು ಎಳೆಯಬೇಕಾಗುತ್ತದೆ.

ಏತ

ಮೇಲ್ಕಂಡ ನಿಯಮವು ಅತ್ಯಂತ ಚಮತ್ಕಾರವಾಗಿ ಕಾಣುವುದು ನೀರೆತ್ತುವ ಸಾಧನಗಳಲ್ಲಿ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬಾತನು ಏತ, ಕಪಿಲೆಗಳೆರಡನ್ನೂ ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅವುಗಳ ಪ್ರಸ್ತಾಪವನ್ನು ಮಾಡಿದ್ದಾನೆ.

ಏತವು ಹೆಚ್ಚು ಆಳವಿಲ್ಲದ ಬಾವಿ, ಕಾಲುವೆ, ಕುಂಟೆಗಳಿಗೆ ತಕ್ಕದ್ದು. ನೆಟ್ಟ ಕಂಬದ ಮೇಲೆ ತೂಗುವಂತೆ ಒಂದು ಉದ್ದವಾದ ಮರ; ಅದರ ಒಂದು ತುದಿಯಿಂದ ಇಳಿಬಿಟ್ಟ ಬಿದಿರ ಗಳ; ಗಳದ ಕೊನೆಯಲ್ಲಿ ಬಾನಿ. ಇದರಲ್ಲಿ ಎರಡು ಬಗೆಯುಂಟು. ಸಣ್ಣ ಬಗೆಯಲ್ಲಿ ಮರದ ಹಿಂತುದಿಗೆ ಕಲ್ಲನ್ನಾಗಲಿ ಮಣ್ಣಿನ ಹೆಂಟೆಯನ್ನಾಗಲಿ ಕಟ್ಟಿರುತ್ತಾರೆ. ತೋಳುಗಳೆರಡೂ ಸಮವೆಂದೂ, ಬಾನಿಯ ನೀರು 20 ಕಿಲೋ ಎಂದೂ, ಹಿಂದಿನ ಕಲ್ಲು ಬಾನಿಯ ಸ್ವಂತ ತೂಕವನ್ನು ಸರಿದೂಗಿಸಿ ಮೇಲೆ 10 ಕಿಲೋ ಹೆಚ್ಚಾಗಿದೆಯೆಂದೂ ಇಟ್ಟುಕೊಂಡರೆ, ಬರಿದಾದ ಬಾನಿಯನ್ನು ಕೆಳಗಿಳಿಸಲು 10 ಕಿಲೋ ಬಲದಿಂದ ಎಳೆಯಬೇಕು. ತುಂಬಿದುದನ್ನು ಮೇಲೆತ್ತಲು ಮಿಕ್ಕ 10 ಕಿಲೋ ಬಲವೇ ಸಾಕು. ಒಂದೇ ಸಲಕ್ಕೆ 20 ಕಿಲೋ ಎತ್ತಬೇಕಾಗಿದ್ದ ಕೆಲಸವು ಹೋಗುವಾಗ ಹತ್ತು, ಬರುವಾಗ ಹತ್ತು ಎಂದು ಎರಡು ಪಾಲಾಯಿತು. ಒಟ್ಟು ಮೊತ್ತದಲ್ಲಿ ಗುಲಗಂಜಿಯಷ್ಟೂ ಉಳಿತಾಯವಿಲ್ಲ. ಆದರೆ ತೋಳಿನ ಮೇಲೆ ಬೀಳುವ ಭಾರವು ಅರ್ಧವಾಗಿ, ಒಂದು ಗಳಿಗೆಯಲ್ಲಿ ಸೋಲುವವನು ಒಂದು ಜಾವ ದುಡಿಯಬಲ್ಲವನಾಗುತ್ತಾನೆ.

ದೊಡ್ಡ ಬಗೆಯ ಏತದಲ್ಲಿ ಕಲ್ಲಿನ ಸ್ಥಾನವನ್ನು ಮನುಷ್ಯನೇ ವಹಿಸುತ್ತಾನೆ. ಮರದ ಮೇಲೆ ಕಾಲೂರಲು ಮೆಟ್ಟುಗಳನ್ನು ಕಡಿದಿರುತ್ತಾರೆ. ಒಬ್ಬನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿರುವನು. ಇನ್ನೊಬ್ಬನು ದಡದಲ್ಲಿ ನಿಂತು ಗಳವನ್ನು ಹಿಡಿದು ಬಾನಿಯನ್ನು ಮುಳುಗಿಸುವುದು, ಬಗ್ಗಿಸಿ ಸುರಿಯುವುದು ಈ ಕೆಲಸಗಳನ್ನು ನೋಡಿಕೊಳ್ಳುವನು. ಮರದ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕಿದರೆ, ಕಂಬದಿಂದ ಒಂಬತ್ತು ಅಡಿ ದೂರದಲ್ಲಿ ತೂಗುವ 25 ಕಿಲೋ ಬಾನಿಯನ್ನು 50 ಕಿಲೋ ತೂಕದ ಮನುಷ್ಯನು ಕಂಬದ ಇನ್ನೊಂದು ಪಕ್ಕಕ್ಕೆ ನಾಲ್ಕೂವರೆ ಅಡಿ ಹೋದಾಗ ಸರಿದೂಗಿಸುತ್ತಾನೆ. ಐದನೆಯ ಅಡಿಗೆ ಕಾಲಿಟ್ಟ ಕೂಡಲೆ ಮರವು ವಾಲಿ ಬಾನಿ ಮೇಲೇಳುತ್ತದೆ. ಅವನು ಐದು ಅಡಿ ಇಳಿದರೆ ಬಾನಿ ಒಂಬತ್ತು ಅಡಿ ಏರುತ್ತದೆ. ಇಲ್ಲಿ ದುಡಿಯುವುದು ಅವನ ತೋಳುಗಳಲ್ಲ, ಕಾಲುಗಳು. ಪ್ರತಿಸಲವೂ ಎತ್ತರವಾಗಿರುವ ಕಡೆಗೆ ಹತ್ತಿ ತನ್ನ ಮೈಯನ್ನು ಎತ್ತಿಕೊಳ್ಳುವುದೇ ಅವನು ಮಾಡುವ ಕೆಲಸ. ಆ ಮೈಭಾರವು ಇಳಿಯುವಾಗ ನೀರನ್ನು ಎತ್ತುತ್ತದೆ. ಮನುಷ್ಯದೇಹದಲ್ಲಿ ತೊಡೆಯ ಸ್ನಾಯುಗಳಿಗಿರುವಷ್ಟು ಶಕ್ತಿ ತೋಳಿಗಿಲ್ಲವೆಂಬುದನ್ನು ಈ ಸಾಧನವನ್ನು ಕಲ್ಪಿಸಿದವರು ಚೆನ್ನಾಗಿ ಅರಿತಿದ್ದರು.

ಇದನ್ನು ಕೊಂಡಾಡುವ ಭರದಲ್ಲಿ ಒಂದು ಮಾತನ್ನು ಮರೆಯಬಾರದು. ಬಾವಿಯ ಬಾಯಿಯ ಮೇಲೆ, ತೇವದಿಂದ ಜಾರುವ ಮರದ ಮೇಲೆ ದಿನವಿಡೀ ನಡೆದವರು ಬಹುತೇಕ ಕೂಲಿಯಾಳುಗಳು. ಕಾಲು ಜಾರಿದರೆ ಅಪಾಯವೂ ಅವರದ್ದೇ ಆಗಿತ್ತು. ಏತವು ಹೋಗಿ ಪಂಪು ಬಂದುದಕ್ಕೆ ಅವರಾರೂ ಮರುಗಬೇಕಾದುದಿಲ್ಲ. ಉಳಿಸಿಕೊಳ್ಳಬೇಕಾದುದು ಆ ದುಡಿತವನ್ನಲ್ಲ, ಅದರಲ್ಲಿ ಅಡಗಿದ್ದ ತಿಳಿವನ್ನು.

ಕಪಿಲೆ

ಆಳವಾದ ಬಾವಿಗಳಿಗೆ ಕಪಿಲೆಯನ್ನು ಉಪಯೋಗಿಸುತ್ತಿದ್ದರು. ತೊಗಲಿನ ದೊಡ್ಡ ಚೀಲ; ಅದರ ಕೆಳಗಡೆ ಆನೆಯ ಸೊಂಡಿಲಿನಂತೆ ನೀಳವಾದ ತೊಗಲಿನ ಕೊಳವೆ; ಚೀಲದ ಬಾಯಿಗೆ ಕಟ್ಟಿದ ದಪ್ಪ ಮಿಣಿಯು ಎತ್ತರದಲ್ಲಿರುವ ದೊಡ್ಡ ರಾಟೆಯ ಮೇಲೂ, ಸೊಂಡಿಲಿಗೆ ಕಟ್ಟಿದ ತೆಳು ಹಗ್ಗವು ಬಾವಿಯ ಅಂಚಿನಲ್ಲಿರುವ ಉರುಳೆಯ ಮೇಲೂ ಹಾದು, ಎರಡೂ ಎತ್ತುಗಳ ನೊಗಕ್ಕೆ ಸೇರುತ್ತವೆ. ಚೀಲವು ಮೇಲೇರುವಷ್ಟು ಹೊತ್ತು ತೆಳು ಹಗ್ಗವು ಸೊಂಡಿಲನ್ನು ಮೇಲಕ್ಕೆ ಮಡಿಸಿ ಹಿಡಿದಿರುವುದರಿಂದ ನೀರು ಚೆಲ್ಲುವುದಿಲ್ಲ. ಅಂಚಿಗೆ ಬಂದಾಗ ಚೀಲವು ಎತ್ತರದ ರಾಟೆಯ ಕಡೆಗೆ ಇನ್ನೂ ಏರುತ್ತದೆ. ಸೊಂಡಿಲಾದರೋ ಕೆಳಗಿನ ಉರುಳೆಯ ಮೇಲೆ ಹಾದು ತೊಟ್ಟಿಗೆ ಚಾಚಿಕೊಳ್ಳುತ್ತದೆ. ನೀರು ತಾನಾಗಿಯೇ ಸುರಿದುಹೋಗುತ್ತದೆ. ಸುರಿಯುವುದಕ್ಕಾಗಿ ಮತ್ತೊಬ್ಬ ಆಳನ್ನು ನಿಲ್ಲಿಸಬೇಕಾದುದಿಲ್ಲ. ಎರಡು ಹಗ್ಗಗಳ ಉದ್ದಗಳನ್ನೂ ಎರಡು ಉರುಳೆಗಳ ಎತ್ತರಗಳನ್ನೂ ಹೊಂದಿಸಿದ ಮಾತ್ರದಿಂದಲೇ ಒಂದು ಸ್ವಯಂಚಾಲಿತವಾದ ಕ್ರಿಯೆಯನ್ನು ಸಾಧಿಸಿದ ಈ ಬಡಗಿಗಳ, ಚರ್ಮದ ಕೆಲಸಗಾರರ ಹೆಸರುಗಳನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ.

ಇನ್ನು ಎತ್ತುಗಳು ನಡೆಯುವ ದಾರಿಯನ್ನು ನೋಡತಕ್ಕದ್ದು. ಅದು ಸಮತಟ್ಟಲ್ಲ, ಬಾವಿಯಿಂದ ದೂರ ಹೋದಂತೆ ಇಳಿಯುತ್ತದೆ. ಎತ್ತುಗಳು ಎಳೆಯುವಾಗ ಇಳಿಯುತ್ತವೆ, ಹಿಂದಿರುಗುವಾಗ ಏರುತ್ತವೆ. ಇದರಿಂದ ಆಗುವ ಪ್ರಯೋಜನವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬಾವಿಯ ಆಳ 30 ಅಡಿ. ನೀರು ತುಂಬಿದ ಚೀಲದ ತೂಕ 150 ಕಿಲೋ. ಜೋಡೆತ್ತುಗಳ ತೂಕ ಒಟ್ಟು 600 ಕಿಲೋ. ದಾರಿಯು ಐದು ಅಡಿ ನಡೆದರೆ ಒಂದು ಅಡಿ ಇಳಿಯುವಂಥದು ಎಂದು ಭಾವಿಸಿದರೆ, ಎತ್ತುಗಳ ಮೈಭಾರದಲ್ಲಿ ಐದನೆಯ ಒಂದು ಪಾಲು, ಎಂದರೆ 120 ಕಿಲೋ, ತಾನಾಗಿಯೇ ಹಗ್ಗವನ್ನು ಎಳೆಯುತ್ತದೆ. ಎತ್ತುಗಳು ತಮ್ಮ ಸ್ನಾಯುಬಲದಿಂದ ಸೇರಿಸಬೇಕಾದುದು ಮಿಕ್ಕ 30 ಕಿಲೋ ಮಾತ್ರ. ಸಮತಟ್ಟಾದ ದಾರಿಯಲ್ಲಾಗಿದ್ದರೆ 150 ಕಿಲೋ ಭಾರವೂ ನೊಗದ ಮೇಲೆಯೇ ಬೀಳುತ್ತಿತ್ತು.

ಹಾಗಾದರೆ ಆ 120 ಕಿಲೋ ಎಲ್ಲಿಂದ ಬಂತು? ಇದೇ ಪ್ರಶ್ನೆಯನ್ನು ಮಕ್ಕಳ ಮುಂದಿಡತಕ್ಕದ್ದು. 150 ಕಿಲೋವನ್ನು 30 ಅಡಿ ಎತ್ತುವ ಕೆಲಸವು 4,500 ಕಿಲೋ-ಅಡಿ. ಇಳಿಯುವಾಗ ಎತ್ತುಗಳು ಮಾಡಿದ ಕೆಲಸವು 30 ಕಿಲೋ ಬಲದಿಂದ 30 ಅಡಿ, ಎಂದರೆ 900. ಹಿಂದಿರುಗುವಾಗ ಅವು ತಮ್ಮ 600 ಕಿಲೋ ಮೈಯನ್ನು ಆರು ಅಡಿ ಎತ್ತರಕ್ಕೆ ಏರಿಸಿಕೊಳ್ಳಬೇಕು, ಅದು 3,600. ಎರಡನ್ನೂ ಕೂಡಿದರೆ ಸರಿಯಾಗಿ 4,500! ಬಾವಿಯಿಂದ ನೀರನ್ನು ಎತ್ತಿದ ಕೆಲಸದಲ್ಲಿ ಬಹುಪಾಲನ್ನು ಎತ್ತುಗಳು ಬರಿದಾದ ಚೀಲದೊಡನೆ ಹಿಂದಿರುಗುವಾಗಲೇ ಮಾಡಿ ಮುಗಿಸಿರುತ್ತವೆ. ಸಣ್ಣ ಏತದ ಹಿಂದಿನ ಕಲ್ಲು ಯಾವ ಉಪಕಾರವನ್ನು ಮಾಡಿತೋ ಅದನ್ನೇ ಇಲ್ಲಿ ಇಳಿಜಾರು ಮಾಡಿತು. ನೋಡಲು ಒಂದಕ್ಕೊಂದು ಹೋಲದ ಎರಡು ಸಾಧನಗಳಲ್ಲಿ ಒಂದೇ ಯುಕ್ತಿಯು ಅಡಗಿರುವುದನ್ನು ಕಂಡುಕೊಳ್ಳುವುದೇ ವಿಜ್ಞಾನ. ಕಪಿಲೆ ಹೊಡೆಯುವವನು ಇಳಿಯುವಾಗ ಹಗ್ಗದ ಮೇಲೆ ಕುಳಿತುಕೊಳ್ಳುತ್ತಿದ್ದುದನ್ನು ಕೆಲವರು ಸೋಮಾರಿತನವೆಂದು ತಿಳಿದಿರಬಹುದು. ಆದರೆ ಅವನ ಮೈಭಾರವೂ ಎಳೆತಕ್ಕೆ ಸೇರುತ್ತಿತ್ತು. ಹಿಂದಿರುಗುವಾಗ ಅವನು ನಡೆದೇ ಹತ್ತುತ್ತಿದ್ದುದರಿಂದ ತನ್ನ ಪಾಲಿನ ಕೆಲಸವನ್ನು ತಾನು ಸಲ್ಲಿಸಿದಂತೆಯೇ ಆಯಿತು.

ಇದೇ ಲೆಕ್ಕವನ್ನು ಮುಂದುವರಿಸಿ, ನಿಮಿಷಕ್ಕೊಂದು ಚೀಲ ನೀರು ಬರುವುದಾದರೆ ಆ ಜೋಡಿಯ ಉಪಯುಕ್ತ ಶಕ್ತಿಯು ಒಂದು ಅಶ್ವಶಕ್ತಿಯ ಸುಮಾರು ಮೂರನೆಯ ಒಂದು ಪಾಲೆಂದು ಹೊರಡುತ್ತದೆ. 5 ಅಶ್ವಶಕ್ತಿಯ ಪಂಪು ಏಕೆ ಇಂಥ ಸುಮಾರು ಹದಿನೈದು ಜೋಡಿಗಳಿಗೆ ಸಮವೆಂಬುದು ಮಕ್ಕಳಿಗೆ ಇದರಿಂದ ಮನದಟ್ಟಾಗುತ್ತದೆ. ಗುಂಡಿಯನ್ನೊತ್ತಿದರೆ ಬರುವ ನೀರಿನ ಬೆಲೆಯೂ ಮನದಟ್ಟಾಗುತ್ತದೆ. ಪಂಪುಗಳು ಬಂದ ಮೇಲೆ ಕಪಿಲೆಗಳು ನಿಂತುಹೋದವು. ಆದರೂ ಅನೇಕ ಊರುಗಳ ಹೊಲಗಳಲ್ಲಿ ಕಪಿಲೆ ಬಾವಿಯ ಕಲ್ಲುಕಂಬಗಳೂ, ಹಗ್ಗ ಸವೆಸಿದ ಗೀರುಗಳೂ, ಅರ್ಧ ಮುಚ್ಚಿಹೋದ ಇಳಿಜಾರುಗಳೂ ಇನ್ನೂ ಉಳಿದಿವೆ. ಅವುಗಳನ್ನು ಅಳೆದು ನೋಡುವುದಕ್ಕೆ ಒಂದು ಹಗ್ಗವೂ ಒಂದು ಅಳತೆಕೋಲೂ ಸಾಕು.

ನೊಗ, ಗಾಡಿ, ಮಿಕ್ಕ ಉಪಕರಣಗಳು

ಸನ್ನೆಯ ತಿಳಿವಳಿಕೆಯು ಶಾಲೆಗೆ ಮಾತ್ರ ಬೇಕಾದುದಲ್ಲ. ಎತ್ತುಗಳನ್ನು ಇಟ್ಟಿರುವ ಜಮೀನುದಾರನಿಗೂ ಬೇಕು. ನೊಗವು ಒಂದು ಸನ್ನೆ. ಈಸನ್ನು ಕಟ್ಟುವ ಸ್ಥಳವೇ ಅದರ ಆಧಾರ. ಎರಡು ಎತ್ತುಗಳ ಕತ್ತುಗಳ ನಡುವೆ 40 ಅಂಗುಲ ಅಂತರವಿದ್ದು, ಕಟ್ಟು ಸರಿಯಾಗಿ ನಡುವೆ ಇದ್ದರೆ, ಭಾರವು ಇಬ್ಬಾಗವಾಗಿ ಹಂಚಿಕೆಯಾಗುತ್ತದೆ. ಜೋಡಿಯಲ್ಲಿ ಒಂದು ಎತ್ತು ಎಳೆಯದೋ ಬಡಕಲೋ ಆಗಿದ್ದಲ್ಲಿ, ಕಟ್ಟನ್ನು ಬಲವಾದ ಎತ್ತಿನ ಕಡೆಗೆ ಎರಡು ಅಂಗುಲ ಸರಿಸಿದರೆ ತೋಳುಗಳು 18 ಮತ್ತು 22 ಅಂಗುಲಗಳಾಗಿ, 100 ಕಿಲೋ ಎಳೆತದಲ್ಲಿ ಬಲವಾದುದಕ್ಕೆ 55, ದುರ್ಬಲವಾದುದಕ್ಕೆ 45 ಬರುತ್ತದೆ. ಬಾರುಕೋಲಿನಿಂದ ಸಾಧಿಸಲಾಗದ ಸಮತೂಕವು ಎರಡು ಅಂಗುಲದಿಂದ ಸಾಧ್ಯವಾಗುತ್ತದೆ.

ಎರಡು ಗಾಲಿಯ ಗಾಡಿಯಲ್ಲಿ ಹೇರಿನ ಸ್ಥಾನವೂ ಹೀಗೆಯೇ. ಅಚ್ಚಿನಿಂದ ನೊಗಕ್ಕೆ ಒಂಬತ್ತು ಅಡಿ ಇರುವ ಗಾಡಿಯಲ್ಲಿ 100 ಕಿಲೋ ಮೂಟೆಯನ್ನು ಅಚ್ಚಿನಿಂದ ಮೂರು ಅಡಿ ಮುಂದೆ ಇಟ್ಟರೆ, ಅದರಲ್ಲಿ 33 ಕಿಲೋ ಎತ್ತುಗಳ ಕತ್ತಿನ ಮೇಲೆ ಕೂರುತ್ತದೆ. ಒಂದೂವರೆ ಅಡಿ ಮುಂದೆ ಇಟ್ಟರೆ 17 ಕಿಲೋ ಮಾತ್ರ. ಅಚ್ಚಿನ ಹಿಂದೆ ಭಾರವು ಹೆಚ್ಚಾದರೆ ನೊಗವು ಮೇಲೆದ್ದು ಕೊರಳಪಟ್ಟಿಯು ಗಂಟಲನ್ನು ಒತ್ತುತ್ತದೆ. ಹೆಗಲು ಹುಣ್ಣಾದ ಎತ್ತಿಗೆ ಔಷಧವನ್ನು ಹಾಕುವುದಕ್ಕೆ ಮುಂಚೆ ಹೇರಿನ ಸ್ಥಾನವನ್ನು ನೋಡುವುದು ಬುದ್ಧಿವಂತಿಕೆ. ಎತ್ತಿನ ಗಾಡಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ಸುಧಾರಿಸಬೇಕೆಂಬ ಪ್ರಯತ್ನವು ಬೆಂಗಳೂರಿನಲ್ಲಿಯೇ ನಡೆಯಿತೆಂಬುದನ್ನು ಇಲ್ಲಿ ಹೇಳಬಹುದು. ಅಲ್ಲಿನ ಭಾರತೀಯ ಪ್ರಬಂಧನ ಸಂಸ್ಥೆಯ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ಎತ್ತುಗಳ ಮೇಲಿನ ಹಿಂಸೆಯನ್ನು ತಗ್ಗಿಸಲು ಈ ವಿಷಯದಲ್ಲಿ ಬಹುಕಾಲ ಶ್ರಮಿಸಿದರು. ಹಳ್ಳಿಗಳಿಗೆ ಉಪಯುಕ್ತವಾದ ತಂತ್ರಗಳಿಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಪ್ರತ್ಯೇಕ ವಿಭಾಗವೇ ಆರಂಭವಾಯಿತು.

ನೇಗಿಲಿನ ಗುಳ, ಕೊಡಲಿ, ಈಳಿಗೆಮಣೆ, ಕಲ್ಲುಕುಟಿಗರು ಬಂಡೆಯಲ್ಲಿ ಸಾಲಾಗಿ ತೋಡಿದ ಕುಳಿಗಳಿಗೆ ಹೊಡೆಯುವ ಕಬ್ಬಿಣದ ತುಂಡುಗಳು ಇವೆಲ್ಲ ಬೆಣೆಯ ಜಾತಿ. ಗುಳವು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಉಳುವವನು ಈಸಿನ ಮೇಲೆ ನೊಗವನ್ನು ಕಟ್ಟುವ ಸ್ಥಳದಿಂದ ನಿರ್ಧರಿಸುತ್ತಾನೆ: ತುದಿಯ ಕಡೆಗೆ ಸರಿಸಿ ಕಟ್ಟಿದರೆ ಈಸು ಮಲಗಿ ಗುಳ ಆಳಕ್ಕೆ ಹೋಗುತ್ತದೆ, ನೇಗಿಲಿನ ಕಡೆಗೆ ತಂದರೆ ಮೂತಿ ಎದ್ದು ಉಕ್ಕೆ ಮೇಲುಮೇಲಾಗುತ್ತದೆ. ಬೀಸುಕಲ್ಲಿನ ಗೂಟವನ್ನು ಅಂಚಿನಲ್ಲಿ ನೆಟ್ಟಿರುವುದೂ, ಗಾಣದ ಎತ್ತು ದೂರದಲ್ಲಿ ಸುತ್ತುವುದೂ ಚಕ್ರ ಮತ್ತು ಅಚ್ಚಿನ ನಿಯಮದಿಂದ. ತಿರುಪು ಮಾತ್ರ ಹಳೆಯ ಉಪಕರಣಗಳಲ್ಲಿ ವಿರಳ. ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಮರದ ರಾಟೆಯ ಸುರುಳಿಹಲ್ಲುಗಳಲ್ಲಿ ಅದನ್ನು ಕಾಣಬಹುದಾಗಿತ್ತು. ಅಡಕತ್ತರಿಯಲ್ಲಿ ಆಧಾರವು ಕೊನೆಯ ಕೀಲಿನಲ್ಲಿ, ಭಾರವು ನಡುವೆ, ಕೈ ಹೊರತುದಿಯಲ್ಲಿ ಇರುವುದರಿಂದ ಅದು ಎರಡನೆಯ ವಿಧದ ಸನ್ನೆ. ಅಡಕೆಯು ಕೀಲಿನಿಂದ ಒಂದು ಅಂಗುಲವೂ ಕೈ ಐದು ಅಂಗುಲವೂ ದೂರವಿದ್ದರೆ ಬಲವು ಐದುಪಟ್ಟಾಗುತ್ತದೆ.

ಬೇರೆ ಜನಾಂಗಗಳಲ್ಲಿ

ಈ ತಿಳಿವು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಕಾಡಿನಲ್ಲಿ ಗೆಡ್ಡೆಗೆಣಸುಗಳನ್ನು ಅಗೆಯುವ ಸೋಲಿಗರ ಕೋಲು ಏಕಕಾಲದಲ್ಲಿ ಬೆಣೆಯೂ ಸನ್ನೆಯೂ ಆಗಿ ಕೆಲಸ ಮಾಡುತ್ತದೆ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳು ಗರಗಸವಿಲ್ಲದೆ, ಗಟ್ಟಿಮರದಿಂದಲೂ ಜಿಂಕೆಯ ಜಾತಿಯ ಪ್ರಾಣಿಗಳ ಕೊಂಬಿನಿಂದಲೂ ಮಾಡಿದ ಬೆಣೆಗಳನ್ನು ಹೊಡೆದು, ದೇವದಾರುವನ್ನು ಹೋಲುವ ಮಹಾವೃಕ್ಷಗಳಿಂದ ಅಗಲವಾದ ಹಲಗೆಗಳನ್ನು ಸೀಳಿ ಮನೆಗಳನ್ನು ಕಟ್ಟುತ್ತಿದ್ದರು. ಮರವು ನಿಂತಿರುವಾಗಲೇ, ಅದು ಸಾಯದಂತೆ, ಒಂದೊಂದು ಹಲಗೆಯನ್ನು ಅದರಿಂದ ಸೀಳಿ ತೆಗೆದ ಗುರುತುಗಳು ಅಲ್ಲಿನ ಅರಣ್ಯಗಳಲ್ಲಿ ಇವೆ. ಆಸ್ಟ್ರೇಲಿಯದ ಮೂಲನಿವಾಸಿಗಳು ಈಟಿಯನ್ನು ಎಸೆಯಲು ಉಪಯೋಗಿಸಿದ ಕೊಕ್ಕೆಯುಳ್ಳ ಹಲಗೆಯು ತೋಳನ್ನು ಉದ್ದ ಮಾಡುವ ಸನ್ನೆ. ಅದು ಬಲವನ್ನು ಬಿಟ್ಟುಕೊಟ್ಟು ವೇಗವನ್ನು ಗಳಿಸುತ್ತದೆ. ಹೊಲದ ಹಕ್ಕಿಗಳಿಗೆ ಬೀಸುವ ಕವಣೆಯೂ ತೋಳನ್ನು ಉದ್ದ ಮಾಡಿಯೇ ವೇಗವನ್ನು ಗಳಿಸುತ್ತದೆ.

ಇಂಥ ತಿಳಿವನ್ನು ಶಾಲೆಯೊಳಗೆ ತರುವ ಪ್ರಯತ್ನಗಳೂ ನಡೆದಿವೆ. ಅಲಾಸ್ಕಾದ ಮೂಲನಿವಾಸಿ ಶಿಕ್ಷಕರು 1998ರಲ್ಲಿ, ಊರಿನ ಹಿರಿಯರ ಜ್ಞಾನವನ್ನು ಪಾಠದ ಅಂಗವನ್ನಾಗಿ ಮಾಡಿಕೊಳ್ಳುವ ಶಾಲೆ ಹೇಗಿರಬೇಕೆಂಬುದಕ್ಕೆ ಕ್ರಮವನ್ನೇ ಗೊತ್ತುಮಾಡಿದರು. ಭಾರತದಲ್ಲಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಪರಿಷತ್ತಿನಲ್ಲಿ ಗಾಂಧೀಜಿಯವರ ಮೂಲಶಿಕ್ಷಣವು ಕೈಕಸುಬಿನ ಮೂಲಕ ವಿದ್ಯೆ ಎಂಬ ತತ್ವವನ್ನು ಮುಂದಿಟ್ಟಿತು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ 2002ರ ವರೆಗೆ ನಡೆದ ವಿಜ್ಞಾನ ಬೋಧನೆಯ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಸುಲಭವಾಗಿ ದೊರೆಯುವ ಸಾಮಗ್ರಿಗಳಿಂದ ತಾವೇ ಪ್ರಯೋಗಗಳನ್ನು ಮಾಡಿ ಕಲಿತರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ವರೆಗಿನ ಮಕ್ಕಳು ಪುಸ್ತಕದ ಚೀಲವಿಲ್ಲದೆ ಹತ್ತು ದಿನಗಳ ಕಾಲ ಬಡಗಿ, ಕುಂಬಾರ ಮೊದಲಾದ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಸೂಚಿಸಿದೆ. ಸೂಚನೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಸಾಮಗ್ರಿಯಲ್ಲಿ. ಅದಾದರೋ ಗ್ರಾಮಸ್ಥರ ಅಟ್ಟದ ಮೇಲೆಯೂ ಕೊಟ್ಟಿಗೆಯ ಮೂಲೆಯಲ್ಲಿಯೂ ಬಿದ್ದಿದೆ.

ಗ್ರಾಮ ಮುಖಂಡರು ಮಾಡಬಹುದಾದುದು

ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಹಿರಿಯರು, ಮುರಿದ ನೊಗವೊಂದು, ಹಳೆಯ ರಾಟೆಗಳೆರಡು, ಒಂದು ಹಾರೆ, ಒಂದು ತಕ್ಕಡಿ, ಒಂದು ಅಡಕತ್ತರಿ ಇಷ್ಟನ್ನು ಶಾಲೆಗೆ ಒದಗಿಸಿದರೆ ಆರಂಭಕ್ಕೆ ಸಾಕು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದರಿಂದ ಯಾವ ಪ್ರಯೋಜನವೂ ಇಲ್ಲ. ಅವು ಮಕ್ಕಳ ಕೈಗೆ ಬರಬೇಕು. ನೊಗವನ್ನು ಕೊಂಬೆಯಿಂದ ತೂಗುಹಾಕಿ, ಎರಡು ತುದಿಗಳಿಗೂ ಬಿಂದಿಗೆಗಳನ್ನು ಕಟ್ಟಿ, ಚೆಂಬಿನಿಂದ ಅಳೆದು ನೀರು ಹಾಕುತ್ತ ಸಮತೂಕವನ್ನು ಹುಡುಕುವಂತೆ ಮಾಡಿದರೆ, ಸನ್ನೆಯ ನಿಯಮವನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಉಪಾಧ್ಯಾಯರು ಅದನ್ನು ಹಲಗೆಯ ಮೇಲೆ ಬರೆಯುವುದೊಂದೇ ಬಾಕಿ. ಒಂಟಿ ರಾಟೆಯಿಂದಲೂ ಜೋಡಿ ರಾಟೆಯಿಂದಲೂ ಒಂದೇ ಕೊಡವನ್ನು ಎತ್ತಿಸಿ, ಹಗ್ಗದ ತುದಿಗೆ ತೂಗುಕೊಕ್ಕೆಯನ್ನು ಕಟ್ಟಿ ಬಲವನ್ನೂ, ಎಳೆದ ಹಗ್ಗದ ಉದ್ದವನ್ನೂ ಬರೆದಿಡಿಸಬೇಕು. ಅಚ್ಚಿಗೆ ಹರಳೆಣ್ಣೆ ಹಾಕುವುದಕ್ಕೆ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಅಳೆಯಿಸಿದರೆ ತಿಕ್ಕಾಟದ ಪಾಠವೂ ಆಗುತ್ತದೆ.

ಕಪಿಲೆ ಹೊಡೆದವರೂ ಏತ ತುಳಿದವರೂ ಊರಿನಲ್ಲಿ ಇನ್ನೂ ಇದ್ದಲ್ಲಿ, ಅವರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಯಿಸಿ ಗೌರವದಿಂದ ಕೂರಿಸಿ, ಹಗ್ಗದ ಉದ್ದವನ್ನು ಹೇಗೆ ಗೊತ್ತುಮಾಡುತ್ತಿದ್ದರು, ಇಳಿಜಾರನ್ನು ಎಷ್ಟು ಕಡಿದಾಗಿ ಇಡುತ್ತಿದ್ದರು, ಚೀಲಕ್ಕೆ ಯಾವ ತೊಗಲನ್ನು ಆರಿಸುತ್ತಿದ್ದರು ಎಂಬುದನ್ನು ಮಕ್ಕಳಿಂದ ಕೇಳಿಸಿ ಬರೆಯಿಸತಕ್ಕದ್ದು. ಇವರಲ್ಲಿ ಬಹುಮಂದಿ ಜಮೀನಿನ ಒಡೆಯರಲ್ಲ, ಆಳುಗಳು. ಕರೆಯುವಾಗ ಈ ಕಾರಣಕ್ಕಾಗಿ ಯಾರನ್ನೂ ಬಿಡಬಾರದು. ಬೀಸುಕಲ್ಲು, ಒನಕೆಗಳ ವಿಷಯದಲ್ಲಿ ಹೆಂಗಸರೇ ಉಪಾಧ್ಯಾಯಿನಿಯರಾಗಬೇಕು.

ಮಕ್ಕಳನ್ನು ಕಪಿಲೆ ಬಾವಿಯ ಸ್ಥಳಕ್ಕೇ ಕರೆದುಕೊಂಡು ಹೋಗುವುದಾದರೆ ಒಂದು ಎಚ್ಚರಿಕೆ ಅಗತ್ಯ. ಹಗ್ಗ ಓಡಾಡುವುದಕ್ಕಾಗಿ ಈ ಬಾವಿಗಳ ಒಂದು ಪಕ್ಕಕ್ಕೆ ಕಟ್ಟೆಯನ್ನು ಕಟ್ಟುತ್ತಿರಲಿಲ್ಲ. ಅಂಚಿನ ಕಲ್ಲುಗಳು ಸಡಿಲವಾಗಿರುವುದೂ ಉಂಟು. ಜಮೀನಿನ ಒಡೆಯನು ಮೊದಲು ಆ ಪಕ್ಕಕ್ಕೆ ಗಟ್ಟಿಯಾದ ಬೇಲಿಯನ್ನು ಹಾಕಿಸಿ, ಅಳತೆಯ ಕೆಲಸವನ್ನು ಇಳಿಜಾರಿನ ಕಡೆಯಿಂದಲೇ ಮಾಡುವಂತೆ ಏರ್ಪಡಿಸಬೇಕು. ಆಳವನ್ನು ಅಳೆಯುವ ಹಗ್ಗವನ್ನು ದೊಡ್ಡವರೇ ಇಳಿಬಿಡಬೇಕು.